ಆಟದ ಕಂಪೆನಿಗೆ ಗಿರಾಕಿ ಬಂದದ್ದು

ಮುಳುಗುತ್ತಿರುವ ಕಂಪೆನಿಯಲ್ಲಿ ಕೆಲಸ ಮಾಡುವವರು ನಗುವುದಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಹೋಗಿ ಕುರ್ಚಿಯಲ್ಲಿ ಕೂತರೆ ಸಾಕು, ಮಧ್ಯಾಹ್ನದೊಳಗೆ ಏನಾದರೊಂದು ಆಗಿಯೇ ಆಗುತ್ತದೆ. ಕೆಲವು ದಿನ ಹೋಗಿ ನೋಡಿದರೆ ಕುರ್ಚಿಯೇ ಇರುವುದಿಲ್ಲ, ಅದು ಬೇರೆ ಮಾತು.

ನಾನು ಮೈಸೂರಿನವಳು. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿ. ಅವರಿಗೆ ತಿರುವನಂತಪುರಕ್ಕೆ ವರ್ಗವಾದಾಗ ಮಗಳನ್ನೂ ಕಟ್ಟಿಕೊಂಡು ಹೋದೆ. ವರ್ಷ ತಿರುಗುವುದರೊಳಗೆ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡತೊಡಗಿದಳು. ಯಜಮಾನರು ಮನೆಗೆ ಬರುವಷ್ಟರಲ್ಲಿ ಯಾವ ಭಾಷೆಯಲ್ಲೂ ಮಾತಾಡುವ ತ್ರಾಣ ಉಳಿಸಿಕೊಂಡಿರುತ್ತಿರಲಿಲ್ಲ. ಕನ್ನಡ ಆಡುವುದಕ್ಕೆ ಮನುಷ್ಯರೇ ಇಲ್ಲವಲ್ಲ ಅಂತ ಕೊರಗುತ್ತಿದ್ದಾಗ ವಿಡಿಯೊ ಗೇಮ್ ಪ್ರಕಟಿಸುವ ಒಂದು ಕಂಪೆನಿ "ಕನ್ನಡ ಚೆನ್ನಾಗಿ ಬರೆಯಬಲ್ಲವರು ಬೇಕಾಗಿದ್ದಾರೆ" ಅಂತ ಜಾಹೀರಾತು ಹಾಕಿತು. ಬೇರೆಯವರು ತಯಾರಿಸಿದ ಆಟಗಳನ್ನು ತಂದು, ನಮ್ಮ ಕಡೆಯ ಭಾಷೆಗಳಿಗೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ಮಾರುವುದು ಅವರ ಕಸುಬು. ಮುಖ್ಯ ಕಚೇರಿ ಕೊಚ್ಚಿಯ ಕಳಮಶ್ಶೇರಿಯಲ್ಲಿ, ಶಾಖೆ ತಿರುವನಂತಪುರದಲ್ಲಿ. ಶಾಖೆಗೆ ಸೇರಿಕೊಂಡೆ.

ಕಂಪೆನಿಯ ಧಣಿಯನ್ನು ಎದುರಿಗೆ ಎಲ್ಲರೂ ಸಾರ್ ಅನ್ನುತ್ತಿದ್ದರು, ಹಿಂದಿನಿಂದ ಮುದಲಾಳಿ ಅನ್ನುತ್ತಿದ್ದರು. ಮಲಯಾಳದಲ್ಲಿ ಹಾಗೆಂದರೆ ಯಜಮಾನ, ಬಂಡವಾಳದವನು. ಐವತ್ತು ದಾಟಿದ ಮನುಷ್ಯ, ಸದಾ ಟೀ ಶರ್ಟು, ಸದಾ ಉತ್ಸಾಹ. "ಮುಂದಿನ ಆಟ ಬರಲಿ, ನೋಡ್ತಾ ಇರಿ" ಅನ್ನುವುದು ಅವರ ಮಂತ್ರ. ಆ ಮುಂದಿನ ಆಟ ಬರುತ್ತೆ ಬರುತ್ತೆ ಅಂತ ಮೂರು ವರ್ಷ ಬರಲಿಲ್ಲ. ಅಷ್ಟರಲ್ಲಿ ಎಲ್ಲರ ಫೋನಿಗೂ ಪುಕ್ಕಟೆ ಆಟಗಳು ಬಂದು ಕೂತವು. ನಮ್ಮ ಪೆಟ್ಟಿಗೆ ಕೇಳುವವರೇ ಇಲ್ಲವಾದರು. ಇಲ್ಲಿರುವುದೆಲ್ಲ ಆ ಇಳಿಗಾಲದ ಸಂಗತಿಗಳು. ಎಲ್ಲರೂ ಮಾತಾಡಿದ್ದು ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲೇ ಹೇಳುತ್ತೇನೆ, ನನ್ನ ಕೆಲಸವೇ ಅದಾಗಿತ್ತಲ್ಲ.

ಬೆಂಕಿ

ನನ್ನ ಮೊದಲ ಕೆಲಸ ಒಂದು ಯುದ್ಧದ ಆಟವನ್ನು ಕನ್ನಡಕ್ಕೆ ತರುವುದು. ಆಟ ಹೇಗಿದೆ ಅಂತ ಯಾರೂ ತೋರಿಸಲಿಲ್ಲ. ಇಂಗ್ಲಿಷ್ ಮಾತುಗಳ ಉದ್ದನೆಯ ಪಟ್ಟಿ ಕೊಟ್ಟು, ಪಕ್ಕದಲ್ಲಿ ಕನ್ನಡ ಬರೆಯಿರಿ ಅಂದರು. ಪಟ್ಟಿಯ ಒಂದು ಮನೆಯಲ್ಲಿ 'ಸೇವ್' ಅಂತಿತ್ತು. 'ಕಾಪಾಡು' ಅಂತ ಬರೆದೆ. ಇನ್ನೊಂದರಲ್ಲಿ 'ಫೈರ್' ಅಂತಿತ್ತು. 'ಬೆಂಕಿ' ಅಂತ ಬರೆದೆ. ಇಷ್ಟು ಸುಲಭದ ಕೆಲಸಕ್ಕೆ ಸಂಬಳ ಕೊಡುತ್ತಾರಲ್ಲ, ಪಾಪ, ಅನ್ನಿಸಿತು.

ಆಟ ಹೊರಬಿದ್ದ ಮೇಲೆ ದಾವಣಗೆರೆಯಿಂದ ಒಂದು ಕಾಗದ ಬಂತು. ಬರೆದವರು ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೊಮ್ಮಗ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದರಂತೆ. "ಸೇನಾಪತಿ 'ಬೆಂಕಿ! ಬೆಂಕಿ!' ಎಂದು ಕೂಗುತ್ತಾನೆ. ಕೂಡಲೇ ಸೈನಿಕರೆಲ್ಲ ಬಂದೂಕು ಹಾರಿಸುತ್ತಾರೆ. ಬೆಂಕಿ ಎಂದಾಗ ಗುಂಡು ಹಾರಿಸುವುದು ಯಾವ ಪದ್ಧತಿ? ಒಬ್ಬನೂ ನೀರು ತರಲು ಓಡುವುದಿಲ್ಲ. ಮಕ್ಕಳಿಗೆ ಇದು ತಪ್ಪು ಪಾಠ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮುದಲಾಳಿಗೆ ಫೋನ್ ಮಾಡಿ, ತಪ್ಪಾಗಿದೆ, 'ಹಾರಿಸು' ಅಂತ ತಿದ್ದಬೇಕು ಅಂದೆ. ಅವರು ಕಾಗದ ಬಂದ ಖುಷಿಯಲ್ಲಿದ್ದರು. "ಕರ್ನಾಟಕದಿಂದ ಮೊದಲನೇ ಕಾಗದ ಮೇಡಂ! ಇದನ್ನು ಫ್ರೇಮ್ ಹಾಕಿಸೋಣ" ಅಂದರು. ಕೂಗಿನ ಧ್ವನಿಯನ್ನು ಮತ್ತೆ ಮುದ್ರಿಸುವುದು ಆಗದ ಮಾತು, ಧ್ವನಿ ಕೊಟ್ಟ ಕಲಾವಿದರು ದುಬೈಗೆ ಹೋಗಿಬಿಟ್ಟಿದ್ದಾರೆ ಅಂದರು. ಕೊನೆಗೆ ಅವರೇ ಒಂದು ಉಪಾಯ ಹುಡುಕಿದರು. ಚಿತ್ರ ಬರೆಯುವವರಿಗೆ ಹೇಳಿ ಪ್ರತಿಯೊಂದು ಫಿರಂಗಿಯ ಪಕ್ಕದಲ್ಲೂ ನೀರಿನ ಒಂದು ಕೆಂಪು ಬಕೆಟ್ ಇಡಿಸಿದರು.

ಆರು ತಿಂಗಳ ಮೇಲೆ ಯಾರೋ ವಿಮರ್ಶಕರು ಆ ಆಟವನ್ನು ಚೆನ್ನಾಗಿ ಬೈದು ಬರೆದರು. ಕೊನೆಯ ಸಾಲಿನಲ್ಲಿ ಮಾತ್ರ ಒಂದು ಹೊಗಳಿಕೆ ಇತ್ತು: "ಯುದ್ಧಭೂಮಿಯ ವಿವರಗಳನ್ನು, ವಿಶೇಷವಾಗಿ ಬಕೆಟ್ಟುಗಳನ್ನು, ಬಹಳ ಅಧ್ಯಯನ ಮಾಡಿ ರಚಿಸಿದ್ದಾರೆ."

ಚಾಲೈಯಲ್ಲಿ ಭರ್ಜರಿ ವ್ಯಾಪಾರ

ಕಂಪೆನಿ ಕುಗ್ಗಿದಾಗ ಮೊದಲು ಬಾಗಿಲು ಹಾಕಿದ್ದು ತಿರುವನಂತಪುರದ ಶಾಖೆ. ಅದೇ ವೇಳೆಗೆ ನಮ್ಮ ಯಜಮಾನರಿಗೂ ಕಳಮಶ್ಶೇರಿಗೆ ಹತ್ತಿರದ ಆಲುವಕ್ಕೆ ವರ್ಗವಾಯಿತು. ಹಾಗಾಗಿ ಮುದಲಾಳಿ ನನ್ನನ್ನು ಕಳಮಶ್ಶೇರಿಗೆ ಬನ್ನಿ ಅಂದರು. ಬರುವ ಮುಂಚೆ ಶಾಖೆಯ ಸಾಮಾನು ವಿಲೇವಾರಿ ಮಾಡಿ ಬನ್ನಿ ಅಂತಲೂ ಸೇರಿಸಿದರು.

ಸಾಮಾನು ಅಂದರೆ ಮುಖ್ಯವಾಗಿ ಡಿಸ್ಕುಗಳು. ನಮ್ಮ ಆಟಗಳನ್ನು ತುಂಬಿದ, ಕನ್ನಡಿಯಂತೆ ಹೊಳೆಯುವ ಡಿಸ್ಕುಗಳು ಒಂದು ಕೋಣೆ ಭರ್ತಿ ಇದ್ದವು. ಕಂಪ್ಯೂಟರುಗಳಲ್ಲಿ ಡಿಸ್ಕು ಹಾಕುವ ಜಾಗವನ್ನೇ ತೆಗೆದುಬಿಟ್ಟಿದ್ದರಿಂದ ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುತ್ತಿರಲಿಲ್ಲ. ಒಂದು ಚೀಲದಲ್ಲಿ ಸ್ವಲ್ಪ ಹಾಕಿಕೊಂಡು ಚಾಲೈ ಪೇಟೆಗೆ ಹೋದೆ. ಅಲ್ಲಿ ಸಗಟಾಗಿ ಕೊಳ್ಳದ ವಸ್ತುವಿಲ್ಲ ಅಂತ ಕೇಳಿದ್ದೆ. ನಾಲ್ಕು ಅಂಗಡಿಯವರು ತಲೆ ಆಡಿಸಿದರು. ಐದನೆಯದು ಹಗ್ಗ, ಬಲೆ, ತಾಡಪಾಲು ಮಾರುವ ಅಂಗಡಿ. ಆ ವ್ಯಾಪಾರಿ ಒಂದು ಡಿಸ್ಕನ್ನು ಬಿಸಿಲಿಗೆ ಹಿಡಿದು, ಆ ಕಡೆ ಈ ಕಡೆ ಆಡಿಸಿ, "ಎಷ್ಟಿದೆ?" ಅಂದ. ಸಂಜೆಯೊಳಗೆ ಗಾಡಿ ತಂದು ಕೋಣೆಯನ್ನೇ ಖಾಲಿ ಮಾಡಿದ.

ವಿಷಯ ತಿಳಿಸಿದಾಗ ಮುದಲಾಳಿಗೆ ಕುಣಿಯುವಷ್ಟು ಸಂತೋಷ. "ಚಾಲೈಯಲ್ಲಿ ಗೇಮ್ ಆಡುವವರಿದ್ದಾರೆ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲ! ಹತ್ತು ವರ್ಷದಿಂದ ಎಲ್ಲೆಲ್ಲೋ ಹುಡುಕ್ತಾ ಇದ್ದೀವಿ" ಅಂದರು. ಎಂಥ ಅಂಗಡಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹತ್ತು ದಿನ ಕಳೆದು, ಬೀಗ ಹಾಕುವ ಶಾಸ್ತ್ರಕ್ಕೆ ಮುದಲಾಳಿಯೇ ಬಂದಿದ್ದಾಗ, ಆ ವ್ಯಾಪಾರಿ ಹುಡುಕಿಕೊಂಡು ಬಂದ. ಇನ್ನೂ ಬೇಕಂತೆ. ಒಂದೇ ಆಟವನ್ನು ಎರಡನೇ ಸಲ ಕೇಳಿಕೊಂಡು ಬಂದ ಗಿರಾಕಿ ನಮ್ಮ ಇತಿಹಾಸದಲ್ಲೇ ಅವನೊಬ್ಬ. ಮುದಲಾಳಿ ಅವನನ್ನು ಕೂರಿಸಿ, ಚಹಾ ತರಿಸಿ, ಕೈ ಹಿಡಿದುಕೊಂಡು ಕೇಳಿದರು: "ನಿಜ ಹೇಳಿ. ಜನಕ್ಕೆ ಏನು ಹಿಡಿಸಿತು? ಕಥೆಯಾ? ಚಿತ್ರವಾ?"

"ಅದೆಲ್ಲ ಗೊತ್ತಿಲ್ಲ ಸಾರ್" ಅಂದ ಅವನು. "ತರಕಾರಿ ತೋಟದಲ್ಲಿ ಹಗ್ಗಕ್ಕೆ ಕಟ್ಟಿ ನೇತು ಹಾಕಿದರೆ ಒಂದು ಕಾಗೆಯೂ ಹತ್ತಿರ ಸುಳಿಯಲ್ಲ."

ಮುದಲಾಳಿ ಅವನ ಕೈ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ನಿಟ್ಟುಸಿರು ಬಿಟ್ಟು ಅಂದರು: "ಕಾಗೆಗೂ ಗೊತ್ತಾಗಿಬಿಟ್ಟಿದೆ ಮೇಡಂ."

ಕೆಳಗಡೆಯ ಡಾಕ್ಟರು

ಕಳಮಶ್ಶೇರಿ ಕಚೇರಿಯಲ್ಲಿ ನನಗೆ ಬಡ್ತಿ ಮೇಲೆ ಬಡ್ತಿ. ಒಬ್ಬೊಬ್ಬರು ಬಿಟ್ಟು ಹೋದಾಗಲೂ ಅವರ ಕೆಲಸ ನನ್ನ ಮೇಜಿಗೆ ಬಂದು ಬೀಳುತ್ತಿತ್ತು. ಅನುವಾದ ಮಾಡುತ್ತಿದ್ದವಳು ಕಾಗದಪತ್ರ ನೋಡಿಕೊಂಡೆ, ಹೊಸಬರನ್ನು ಕೆಲಸಕ್ಕೆ ಸೇರಿಸುವ ವಿಭಾಗವೂ ನಾನೇ ಆದೆ, ಆಮೇಲೆ ರಾಕ್ಷಸಿಯೂ ಆದೆ.

ಧ್ವನಿ ಕೊಡುವ ಕಲಾವಿದರನ್ನು ಕರೆಸುವ ಶಕ್ತಿ ಕಂಪೆನಿಗಿರಲಿಲ್ಲ. ಒಂದು ಮಕ್ಕಳ ಆಟದ ಕನ್ನಡ ರಾಕ್ಷಸಿಗೆ ನಾನೇ ಧ್ವನಿ ಕೊಡುವುದೆಂದು ತೀರ್ಮಾನವಾಯಿತು. ನಮ್ಮಲ್ಲಿ ಉಳಿದಿದ್ದ ಒಬ್ಬರೇ ಪ್ರೋಗ್ರಾಮರು, ಗಡ್ಡದ ಮನುಷ್ಯ, ಮಾತು ಬಹಳ ಕಡಿಮೆ, ಸ್ಟೋರ್ ರೂಮಿನ ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿ ಮೈಕು ಇಟ್ಟರು. ರಾಕ್ಷಸಿ ಇಪ್ಪತ್ತು ರೀತಿಯಲ್ಲಿ ಸಾಯುತ್ತಾಳಂತೆ. ಕತ್ತಿ ತಗುಲಿ ಒಂದು, ಬಾಣ ತಗುಲಿ ಒಂದು, ಬಾವಿಗೆ ಬಿದ್ದು ಒಂದು. ಇಪ್ಪತ್ತಕ್ಕೂ ಬೇರೆ ಬೇರೆ ಕಿರುಚು ಬೇಕು.

ನಾನು ಸಂಕೋಚ ಬಿಟ್ಟು ಶುರು ಮಾಡಿದೆ. "ಅಯ್ಯೋ! ಕೊಂದೆಯಲ್ಲೋ ಪಾಪಿ!" ಹನ್ನೆರಡನೆಯ ಸಾವಿನ ಹೊತ್ತಿಗೆ ನನಗೆ ಒಳ್ಳೆಯ ಹದ ಸಿಕ್ಕಿತ್ತು. ಆಗ ಬಾಗಿಲು ದಡದಡ ಬಡಿದ ಸದ್ದು. ತೆಗೆದರೆ ಬಿಳಿ ಕೋಟು, ಕೈಗವಸು ಹಾಕಿಕೊಂಡ ಒಬ್ಬರು ಏದುಸಿರು ಬಿಡುತ್ತಾ ನಿಂತಿದ್ದರು. ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರು.

"ಚೇಚ್ಚಿ" ಅಂದರು. ಇಲ್ಲಿ ಅಕ್ಕನಿಗೆ ಹಾಗೇ ಅನ್ನುವುದು. "ಇಲ್ಲಿ ಏನು ನಡೀತಾ ಇದೆ? ನಿಮ್ಮ ಸ್ಟೋರ್ ರೂಮಿನ ಕಿಟಕಿ ನನ್ನ ಕ್ಲಿನಿಕ್ಕಿನ ಮೇಲೇ ಇರೋದು. ನಾನು ಒಳಗೆ ಒಬ್ಬರ ಹಲ್ಲು ತೊಳೀತಾ ಇದ್ದೆ, ಬರೀ ತೊಳೀತಾ ಇದ್ದೆ. ಹೊರಗೆ ಕೂತಿದ್ದ ಐದು ಜನ ಎದ್ದು ಹೋದರು. 'ಅಯ್ಯೋ', 'ಪಾಪಿ' ಎರಡೂ ಮಲಯಾಳದಲ್ಲೂ ಅದೇ ಅರ್ಥ!"

ನಾವು ಕ್ಷಮೆ ಕೇಳಿದೆವು. ಉಳಿದ ಎಂಟು ಸಾವುಗಳನ್ನು ಅವರ ರಜಾ ದಿನಕ್ಕೆ ಇಟ್ಟುಕೊಂಡೆವು. ಆದರೆ ಮಾರನೆಯ ವಾರ ಡಾಕ್ಟರು ಮತ್ತೆ ಬಂದರು. ಸುದ್ದಿ ಸುತ್ತಮುತ್ತ ಹರಡಿಬಿಟ್ಟಿದೆ, ಆದ ನಷ್ಟವನ್ನು ನೀವೇ ತುಂಬಿಕೊಡಬೇಕು ಅಂದರು. ಅವರು ಕೇಳಿದ್ದು ಇಷ್ಟೇ: ಕಾಯುವ ಜನರಿಗೆ ಕೇಳಿಸುವ ಹಾಗೆ ಒಳಗಿನಿಂದ ಯಾರೋ ಸಂತೋಷವಾಗಿ ನಗುತ್ತಿರುವ ಧ್ವನಿ, ಅರ್ಧ ಗಂಟೆಯದು, ಮುದ್ರಿಸಿ ಕೊಡಬೇಕು.

ಹಾಸಿಗೆಗಳ ನಡುವೆ ಕೂತು ಅರ್ಧ ಗಂಟೆ ನಕ್ಕೆ. ಆ ವರ್ಷ ನಮ್ಮ ಕಂಪೆನಿಯಲ್ಲಿ ಅಷ್ಟು ಹೊತ್ತು ನಕ್ಕವರು ಇನ್ಯಾರೂ ಇಲ್ಲ, ಅದೂ ಹಲ್ಲಿನ ಡಾಕ್ಟರ ಒತ್ತಾಯಕ್ಕೆ.

ಕೋಟು ಹಾಕಿಕೊಂಡವರು

ನಮ್ಮ ಕಚೇರಿಯಲ್ಲಿ ಭವಿಷ್ಯ ತಿಳಿಯಲು ಜ್ಯೋತಿಷಿ ಬೇಕಿರಲಿಲ್ಲ. ಮುದಲಾಳಿ ಸಭೆ ಕರೆದಾಗ ಬರೀ ಚಹಾ ಇದ್ದರೆ ವಿಶೇಷವೇನಿಲ್ಲ. ಚಹಾದ ಜೊತೆ ಪಳಂಪೊರಿ, ಅಂದರೆ ನೇಂದ್ರಬಾಳೆಯ ಬಜ್ಜಿ, ಬಂದರೆ ಯಾರದೋ ಕೆಲಸ ಹೋಯಿತು ಅಂತ. ಬಿಸಿ ಬಿಸಿ ಪಳಂಪೊರಿ ತಟ್ಟೆ ಒಳಗೆ ಬಂದದ್ದೇ ಒಬ್ಬೊಬ್ಬರ ಮುಖ ಬಿಳಿಚಿಕೊಳ್ಳುತ್ತಿತ್ತು. ಎರಡೆರಡು ಸಿಕ್ಕಿದವರು ಅಳುವುದೊಂದು ಬಾಕಿ.

ಒಂದು ಸೋಮವಾರ ಕೇಕು ಬಂತು. ಕೇಕಿಗೆ ಅರ್ಥ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಮುದಲಾಳಿ ಎದ್ದು ನಿಂತು, "ಹೊರದೇಶದ ದೊಡ್ಡ ಕಂಪೆನಿಯೊಂದು ನಮ್ಮನ್ನು ಕೊಂಡುಕೊಳ್ಳುವ ಯೋಚನೆಯಲ್ಲಿದೆ" ಅಂದರು. "ಅವರ ಕಡೆಯವರು ಯಾವ ದಿನ ಬೇಕಾದರೂ ಬರಬಹುದು. ಮುಂಚೆ ಹೇಳದೆಯೂ ಬರಬಹುದು. ಚೆನ್ನಾಗಿ ನೋಡಿಕೊಳ್ಳಿ. ಉಳಿದಿರುವ ಹತ್ತೊಂಬತ್ತು ಜನರ ಅನ್ನದ ಪ್ರಶ್ನೆ."

ಗುರುವಾರ ಬೆಳಿಗ್ಗೆ ಕೋಟು, ಟೈ ಹಾಕಿಕೊಂಡ ಎತ್ತರದ ಮನುಷ್ಯ ಬಂದು ಬಾಗಿಲಲ್ಲಿ ನಿಂತರು. ಕಳಮಶ್ಶೇರಿಯ ಸೆಕೆಯಲ್ಲಿ ಕೋಟು ಹಾಕುವವರು ಎಂಥವರಿರಬೇಕು! ಎಲ್ಲರೂ ಎದ್ದು ನಿಂತೆವು. ಮುದಲಾಳಿ ಓಡಿ ಬಂದು ಕೈ ಕುಲುಕಿದರು. ಅವರಿಗೆ ಇಡೀ ಕಚೇರಿ ತೋರಿಸಿದೆವು. ಪ್ರೋಗ್ರಾಮರು ಬಾಯಿ ಬಿಟ್ಟು ಹತ್ತು ನಿಮಿಷ ಮಾತಾಡಿದರು. ಮಧ್ಯಾಹ್ನ ಬಾಳೆಲೆ ಊಟ, ಎರಡು ಪಾಯಸ. ಊಟದ ಮೇಲೆ ಮುದಲಾಳಿಗೆ ಮನಸ್ಸು ತುಂಬಿ ಬಂತು. "ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಮೂರು ಆಟ ಸೋತಿವೆ. ನಾಲ್ಕನೆಯದು ಮುಗಿದಿಲ್ಲ. ಒಳ್ಳೊಳ್ಳೆಯ ಜನ ಬಿಟ್ಟು ಹೋದರು" ಅಂತ ಮನೆಯವರಿಗೂ ಹೇಳದ್ದನ್ನೆಲ್ಲ ಹೇಳಿದರು. ಆ ಮನುಷ್ಯ ಗಂಭೀರವಾಗಿ ತಲೆ ಆಡಿಸುತ್ತಾ ಕೇಳಿಸಿಕೊಂಡರು.

ಕೊನೆಗೆ ಮುದಲಾಳಿ, "ನಿಮ್ಮ ಕಡೆಯಿಂದ ಏನಾದರೂ ಕೇಳೋದಿದೆಯಾ?" ಅಂದರು.

ಅವರು ಟೈ ಸರಿ ಮಾಡಿಕೊಂಡು, "ಶನಿವಾರ ರಜೆ ಇದೆಯಾ ಸಾರ್?" ಅಂದರು.

ಆಗ ನನಗೆ ಜ್ಞಾಪಕಕ್ಕೆ ಬಂತು. ಐದು ತಿಂಗಳ ಹಿಂದೆ, ಮಾರಾಟದ ವಿಭಾಗಕ್ಕೆ ಒಬ್ಬರು ಬೇಕು ಅಂತ ನಾನೇ ಜಾಹೀರಾತು ಹಾಕಿ, ತೆಗೆಯುವುದನ್ನು ಮರೆತಿದ್ದೆ. ಬಂದವರು ಸಂದರ್ಶನಕ್ಕೆ ಬಂದಿದ್ದರು. ಮುದಲಾಳಿ ನನ್ನನ್ನು ಒಂದು ನೋಟ ನೋಡಿದರು, ಅಷ್ಟೆ. ಆಮೇಲೆ ದೊಡ್ಡ ಮನಸ್ಸು ಮಾಡಿ, "ಪರವಾಗಿಲ್ಲ. ನಿಮಗೆ ಇಷ್ಟವಿದ್ದರೆ ನಾಳೆಯಿಂದಲೇ ಬನ್ನಿ" ಅಂದರು.

ಆ ಮನುಷ್ಯ ಎದ್ದು, ಎಲ್ಲರಿಗೂ ಕೈ ಮುಗಿದರು. "ಇಷ್ಟು ಆದರದ ಸಂದರ್ಶನ ನಾನು ಎಲ್ಲೂ ಕಂಡಿಲ್ಲ ಸಾರ್. ಆದರೆ ನಿಮ್ಮ ಪರಿಸ್ಥಿತಿ ಎಲ್ಲ ಕೇಳಿದ ಮೇಲೆ... ಯೋಚನೆ ಮಾಡಿ ನಾನೇ ತಿಳಿಸ್ತೀನಿ."

ಪಟ್ಟಿ

ನಿಜವಾದವರು ಬಂದದ್ದು ಇನ್ನೂ ಒಂದು ತಿಂಗಳಿಗೆ. ಮೊದಲು ಬಂದವರು ಅವರ ಕಡೆಯ ಒಬ್ಬ ತಪಾಸಣೆಗಾರರು. ಕನ್ನಡಕ, ಅಂಗಿಯ ತೋಳು ಮಡಿಸಿದ್ದರು, ಕೈಯಲ್ಲಿ ನೋಟ್‌ಬುಕ್ಕು. ಯಾವ ಯಂತ್ರ ಇದೆ, ಏನು ಮಾಡುತ್ತದೆ, ಯಾರಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಅಂತ ಬರೆದುಕೊಂಡು ಹೋಗುವುದು ಅವರ ಕೆಲಸ. ಕಂಪೆನಿ ಕೊಂಡ ಮೇಲೆ ಯಾರನ್ನು ಉಳಿಸಿಕೊಳ್ಳಬೇಕೆಂಬ ಪಟ್ಟಿ ಅವರದೇ ಅಂತ ಸುದ್ದಿ ಹಬ್ಬಿತು. ಅವತ್ತು ಎಲ್ಲರೂ ಎಷ್ಟು ಶ್ರದ್ಧೆಯಿಂದ ಕೆಲಸ ಮಾಡಿದರೆಂದರೆ, ಅಷ್ಟು ಕೆಲಸ ಮೊದಲೇ ಮಾಡಿದ್ದರೆ ಕಂಪೆನಿಯನ್ನು ಮಾರುವ ಅಗತ್ಯವೇ ಬರುತ್ತಿರಲಿಲ್ಲ.

ಮೂಲೆಯ ಕೋಣೆಯಲ್ಲಿ ನಮ್ಮ ಸರ್ವರ್ ಇತ್ತು. ನಮ್ಮ ಆಟಗಳೆಲ್ಲ ನಡೆಯುತ್ತಿದ್ದದ್ದು ಆ ಒಂದೇ ಹಳೆಯ ಯಂತ್ರದ ಮೇಲೆ. ಅದರ ಹಣೆಗೆ ಗಂಧದ ಬೊಟ್ಟು, ತಲೆಯ ಮೇಲೊಂದು ತುಳಸಿ ದಳ. ತಪಾಸಣೆಗಾರರು ಅದನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಇದು ನಿಂತು ಹೋದರೆ ಏನು ವ್ಯವಸ್ಥೆ?" ಅಂತ ಕೇಳಿದರು. ಪ್ರೋಗ್ರಾಮರು ಗಡ್ಡ ಕೆರೆದುಕೊಂಡರು. ವ್ಯವಸ್ಥೆ ಇದ್ದರಲ್ಲವೇ ಹೇಳುವುದು.

ಆಗ ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದ, ಕಚೇರಿ ಗುಡಿಸುವ ಹೆಂಗಸು ಉತ್ತರ ಕೊಟ್ಟಳು. "ನಿಲ್ಲೋದಿಲ್ಲ ಸಾರ್. ದಿನಾ ಬೆಳಿಗ್ಗೆ ನಾನು ಬೊಟ್ಟು ಇಟ್ಟು ಕೈ ಮುಗಿದ ಮೇಲೇ ಬಾಕಿ ಕೆಲಸ. ಮಗಳ ಮದುವೆಗೆ ಅಂತ ಒಂದೇ ಒಂದು ದಿನ ರಜೆ ಹಾಕಿದ್ದೆ. ಅವತ್ತೇ ನಿಂತಿದ್ದು."

ತಪಾಸಣೆಗಾರರು ಯಾವತ್ತು ಅಂತ ಕೇಳಿದರು. ಅವಳು ಮದುವೆಯ ದಿನ ಹೇಳಿದಳು. ಅವರು ಯಂತ್ರದ ದಾಖಲೆ ತೆಗೆಸಿ ನೋಡಿದರು. ಹೌದು, ಎರಡು ವರ್ಷದಲ್ಲಿ ಅದು ನಿಂತದ್ದು ಅದೊಂದೇ ದಿನ. ಅವತ್ತು ಬದಲಿಗೆ ಬಂದಿದ್ದ ಹೆಂಗಸು ಫ್ಯಾನು ಹಾಕಿಕೊಳ್ಳಲು ಅದರ ಪ್ಲಗ್ ಕಿತ್ತಿದ್ದಳೆಂಬುದು ಪ್ರೋಗ್ರಾಮರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಗೋಡೆ ನೋಡಿದೆವು.

ವಾರದ ಮೇಲೆ ಪಟ್ಟಿ ಬಂತು. 'ಯಾವ ಕಾರಣಕ್ಕೂ ಬಿಡಬಾರದವರು' ಎಂಬ ಶೀರ್ಷಿಕೆಯ ಕೆಳಗೆ ಮೊದಲನೆಯ ಹೆಸರು ಗುಡಿಸುವವಳದು. ಎರಡನೆಯದು ಪ್ರೋಗ್ರಾಮರದು. ನಾನು ಹನ್ನೊಂದನೆಯವಳು. ಮುದಲಾಳಿ ಮೇಲಿನಿಂದ ಕೆಳಗೆ ಎರಡು ಸಲ, ಕೆಳಗಿನಿಂದ ಮೇಲೆ ಒಂದು ಸಲ ಓದಿದರು. ಅವರ ಹೆಸರೇ ಇರಲಿಲ್ಲ.

ಕೋಟೆಯ ಅಂಗಳ

ಇನ್ನು ಕೊನೆಯದು. ಇದನ್ನು ಹೇಳಿದಾಗಲೆಲ್ಲ ನಮ್ಮ ಯಜಮಾನರು "ಅದೊಂದನ್ನು ಹೊರಗೆ ಹೇಳಬೇಡ" ಅನ್ನುತ್ತಾರೆ.

ನಮ್ಮ ಕಂಪೆನಿ ಸ್ವಂತವಾಗಿ ಮಾಡಿದ ಆಟ ಒಂದೇ ಒಂದು, ಅದು ಕನ್ನಡದ್ದು. ಮೂರು ವರ್ಷ ಬರಲಿಲ್ಲ ಅಂದೆನಲ್ಲ, ಅದೇ. ಏಳು ಬಾಗಿಲಿನ ಕೋಟೆ, ಬಾಗಿಲಿಗೊಂದು ಒಗಟು, ಒಳಗೆ ಸುರಂಗ, ಆನೆ, ಕಳುವಾದ ರಾಜಮುದ್ರೆ. ಪ್ರೋಗ್ರಾಮರು ಕಟ್ಟಿದರು, ಕಥೆ, ಮಾತು, ಒಗಟು ಎಲ್ಲ ನಾನು ಬರೆದೆ. ಆಟ ತೆರೆದ ಕೂಡಲೇ ಕೋಟೆಯ ಹೊರಗಿನ ಅಂಗಳ ಬರುತ್ತದೆ. ಅಲ್ಲಿ ಕಲ್ಲಿನ ಕಟ್ಟೆ. ಫೋನಿನಲ್ಲಿ ಆಡುವವರೆಲ್ಲ ಆ ಕಟ್ಟೆಯ ಮೇಲೆ ಗೊಂಬೆಗಳಾಗಿ ಕೂತು, ಒಬ್ಬರಿಗೊಬ್ಬರು ಮಾತು ಬರೆದುಕೊಂಡು, ಗುಂಪು ಕಟ್ಟಿ, ಮೊದಲನೆಯ ಬಾಗಿಲು ತಳ್ಳಿ ಒಳಗೆ ಹೋಗಬೇಕು. ಕೋಟಿನವರು ಬಂದು ಹೋದ ಮೇಲೆ ಅಂತೂ ಮುಗಿಯಿತು, ಆಗ ನನಗೆ ಹೆತ್ತಷ್ಟು ಸಂತೋಷವಾಗಿತ್ತು. ಆಡಲು ಬಂದವರು ಮಾತ್ರ ಬೆರಳೆಣಿಕೆ.

ಕೊಳ್ಳುವವರ ಕಡೆಯ ಮುಖ್ಯಸ್ಥರು ಬರುವ ದಿನ ಗೊತ್ತಾದಾಗ ಮುದಲಾಳಿ ನನ್ನ ಮೇಜಿನ ಹತ್ತಿರ ಬಂದು ನಿಂತರು. "ಮೇಡಂ, ಅವರು ಈ ಆಟವನ್ನು ದೊಡ್ಡ ಪರದೆ ಮೇಲೆ ನೋಡ್ತಾರಂತೆ. ಕಟ್ಟೆ ಖಾಲಿ ಇದ್ದರೆ ಆಟವನ್ನು ಮುಚ್ಚಿಬಿಡ್ತಾರೆ. ನಿಮ್ಮ ಊರಿನವರು ನಾಲ್ಕು ಜನ ಆ ಹೊತ್ತಿಗೆ ಆಡಿದರೆ..." ಅಂತ ಮಾತು ನುಂಗಿದರು. ತಪ್ಪು ಅಂತ ನನಗೂ ಗೊತ್ತಿತ್ತು. ಆದರೆ ಹೆತ್ತ ಕರುಳು. ಮೈಸೂರಿನ ನಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರು ಒಂದು ಭಜನಾ ಮಂಡಳಿಯ ಅಧ್ಯಕ್ಷಿಣಿ. "ಅಷ್ಟೇ ತಾನೇ? ಮಂಡಳಿಯವರೆಲ್ಲ ಬರ್ತೀವಿ ಬಿಡು" ಅಂದರು.

ಬೆಳಿಗ್ಗೆ ಹನ್ನೊಂದು ಗಂಟೆ. ಮುಖ್ಯಸ್ಥರು, ಅವರ ಜೊತೆ ಲ್ಯಾಪ್‌ಟಾಪ್ ಹಿಡಿದು ಬಂದಿದ್ದ, ಬಾಯಿ ಬಿಡದ ಒಬ್ಬ ಹೆಂಗಸು, ನಮ್ಮ ಕಡೆಯವರೆಲ್ಲ. ಪರದೆಯ ಮೇಲೆ ಅಂಗಳ ಮೂಡಿತು. ಕಟ್ಟೆ ಖಾಲಿ. ಅಷ್ಟರಲ್ಲಿ ಒಂದು ಗೊಂಬೆ ಬಂದು ಕೂತಿತು. ಎರಡು, ಐದು, ಹತ್ತು. ಐದು ನಿಮಿಷದಲ್ಲಿ ಕಟ್ಟೆಯ ಮೇಲೆ ಜಾಗವಿಲ್ಲದೆ ಗೊಂಬೆಗಳು ಒಂದರ ತೊಡೆಯ ಮೇಲೊಂದು ಕೂತವು. ಮುದಲಾಳಿ ಮೇಜಿನ ಕೆಳಗೆ ನನ್ನ ಕಡೆ ಹೆಬ್ಬೆರಳು ಎತ್ತಿದರು.

ಅವರು ಬರೆದುಕೊಳ್ಳುವ ಮಾತು ದೊಡ್ಡ ಪರದೆಯ ಮೇಲೂ ಬರುತ್ತದೆಂಬುದನ್ನು ನಾನು ಮರೆತಿದ್ದೆ.

"ಕುಕ್ಕರ್ ಮೂರು ಸಲ ಕೂಗಿತು. ಆರಿಸಿ ಬರ್ತೀನಿ, ಯಾರೂ ಏಳಬೇಡಿ" ಅಂತ ಒಂದು ಗೊಂಬೆಯ ತಲೆಯ ಮೇಲೆ ಮೂಡಿತು.

"ಏನದು?" ಅಂದರು ಮುಖ್ಯಸ್ಥರು, ಇಂಗ್ಲಿಷಿನಲ್ಲಿ. ಎಲ್ಲರೂ ನನ್ನ ಕಡೆ ನೋಡಿದರು.

"ಮೂರು ಸಲ ಎಚ್ಚರಿಕೆಯ ಸದ್ದು ಆಗಿದೆ" ಅಂದೆ. "ಒಬ್ಬರು ಬೆಂಕಿ ಆರಿಸಲು ಹೋಗುತ್ತಿದ್ದಾರೆ. ಉಳಿದವರು ಜಾಗ ಬಿಡಬಾರದು ಅಂತ ಆಜ್ಞೆ."

"ಅದ್ಭುತ!" ಅಂದರು ಅವರು.

"ಹಳೇ ಹುಣಸೆಹಣ್ಣೇ ಹಾಕ್ರೀ, ಹೊಸದು ಹಾಕಿದರೆ ಗೊಜ್ಜು ಕೆಡುತ್ತೆ."

"ಹಳೆಯ ಸಂಗ್ರಹವನ್ನೇ ಬಳಸಿ, ಹೊಸದನ್ನು ನಂಬಬೇಡಿ ಅನ್ನುತ್ತಿದ್ದಾರೆ" ಅಂದೆ.

ಆಗ ಚಿಕ್ಕಮ್ಮನ ಗೊಂಬೆ ಎದ್ದು ನಿಂತಿತು. "ಇವಳ ಕಂಪೆನಿ ಮುಳುಗ್ತಾ ಇದೆಯಂತೆ, ಪಾಪ. ಒಂದು ಗಂಟೆ ಎಲ್ಲರೂ ಕೂತಿದ್ದು ಪುಣ್ಯ ಕಟ್ಕೊಳ್ಳಿ."

"ಕೋಟೆಗೆ... ನೀರು ನುಗ್ಗುತ್ತಿದೆ" ಅಂದೆ. "ನಾಯಕಿ ಧೈರ್ಯ ಹೇಳುತ್ತಿದ್ದಾರೆ."

ಸಭೆ ಮುಗಿದು ಮುಖ್ಯಸ್ಥರು ಊಟಕ್ಕೆ ಹೊರಟರು. ಲ್ಯಾಪ್‌ಟಾಪಿನ ಹೆಂಗಸು ಮಾತ್ರ ಉಳಿದು ನನ್ನ ಹತ್ತಿರ ಬಂದಳು. ಬೆಳಗಿನಿಂದ ತುಟಿ ಪಿಟಕ್ಕೆನ್ನದವಳು ಮೆಲ್ಲಗೆ ಕೇಳಿದಳು: "ಅಕ್ಕಾರ, ನಾ ಹುಬ್ಬಳ್ಳಿಯಾಕಿ. ಗೊಜ್ಜಿಗೆ ಹುಣಸೆಹಣ್ಣು ಹಾಕೂದು ಯಾವ ಯುದ್ಧದಾಗ ಬರತೈತ್ರೀ?"

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಕಟ್ಟೆಯ ಮೇಲಿದ್ದವರೆಲ್ಲ ನಮ್ಮ ಚಿಕ್ಕಮ್ಮನ ಮಂಡಳಿಯವರು, ನಾನೇ ಕರೆಸಿದ್ದು, ಮೂರು ವರ್ಷದ ಕೆಲಸ ಮಣ್ಣುಪಾಲಾಗುತ್ತಲ್ಲ ಅನ್ನುವ ಸಂಕಟಕ್ಕೆ ಹೀಗೆ ಮಾಡಿದೆ, ತಪ್ಪು ನನ್ನದು, ನನ್ನನ್ನು ಪಟ್ಟಿಯಿಂದ ತೆಗೆಯಿರಿ, ಉಳಿದವರನ್ನು ಇಟ್ಟುಕೊಳ್ಳಿ ಅಂದೆ. ಕಣ್ಣಲ್ಲಿ ನೀರೂ ಬಂತು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಸುಳ್ಳು ಹೇಳಬಾರದಿತ್ತು ನೀವು. ನಮ್ಮ ಸಾಹೇಬರಿಗೆ ನಾನು ಹೇಳೇ ಹೇಳ್ತೀನಿ" ಅಂದಳು. "ಆದರ ಹದಿನೈದು ದಿವಸ ಬಿಟ್ಟು ಹೇಳ್ತೀನಿ. ಅಲ್ಲೀಮಟ ಯಾರನ್ನೂ ಕರೀಬ್ಯಾಡ್ರಿ. ಯಾರು ಬರ್ತಾರ, ಯಾರು ಬಿಡ್ತಾರ ನೋಡೂಣು."

ನಾನು ಚಿಕ್ಕಮ್ಮನಿಗೆ ಫೋನ್ ಮಾಡಿ, "ಇನ್ನು ಬರಬೇಡಿ, ಕೆಲಸ ಆಯಿತು" ಅಂದೆ.

"ನೀನು ಯಾರೇ ಬರಬೇಡ ಅನ್ನೋಕೆ? ಮಳೆಗಾಲ, ಮಂಡಳಿಗೆ ಬರೋಕೆ ಅರ್ಧ ಜನಕ್ಕೆ ಮಂಡಿನೋವು. ಮನೆಯಲ್ಲೇ ಕೂತು ಎಲ್ಲರೂ ಸೇರೋ ಹಾಗೆ ಆಯಿತು" ಅಂದು ಫೋನ್ ಇಟ್ಟರು.

ಮಾರನೆಯ ದಿನ ಕಟ್ಟೆಯಲ್ಲಿ ಮತ್ತೆ ಅಷ್ಟೂ ಜನ. ಅದರ ಮಾರನೆಯ ದಿನ ಅವರ ಬೀಗಿತ್ತಿಯರು, ಓರಗಿತ್ತಿಯರು. ಒಂದು ವಾರದಲ್ಲಿ ಮಂಡ್ಯ, ಹಾಸನದ ಮಂಡಳಿಗಳು ಬಂದವು. ಪ್ರೋಗ್ರಾಮರು ಮೂರು ಸಲ ಕಟ್ಟೆಯನ್ನು ಉದ್ದ ಮಾಡಬೇಕಾಯಿತು. ಹುಬ್ಬಳ್ಳಿಯಾಕೆ ಹದಿನೈದನೆಯ ದಿನ ತನ್ನ ಸಾಹೇಬರಿಗೆ ಇಡೀ ಕಥೆ ಹೇಳಿದಳು, ಜೊತೆಗೆ ದಿನದಿನದ ವಿವರವನ್ನೂ ಇಟ್ಟಳು. ಅವರು ಮೊದಲು ನನ್ನ ಮೇಲೆ ಸಿಟ್ಟಾದರಂತೆ, ಆಮೇಲೆ ವಿವರ ನೋಡಿ ಸುಮ್ಮನಾದರಂತೆ. ಅವರ ಯಾವ ಆಟದಲ್ಲೂ ಜನ ಇಷ್ಟು ನಿಷ್ಠೆಯಿಂದ, ಇಷ್ಟು ಹೊತ್ತು ಕೂತದ್ದಿಲ್ಲವಂತೆ. ಕಂಪೆನಿಯನ್ನು ಕೊಂಡರು. ಹತ್ತೊಂಬತ್ತರಲ್ಲಿ ಹದಿನೇಳು ಜನ ಉಳಿದೆವು. ಮುದಲಾಳಿಯನ್ನು ಸಲಹೆಗಾರರಾಗಿ ಇಟ್ಟುಕೊಂಡರು. ನನಗೊಂದು ಎಚ್ಚರಿಕೆಯ ಪತ್ರ ಬಂತು, ಆಟವನ್ನು ಮುಂದುವರಿಸಿ ಎಂಬ ಪತ್ರವೂ ಅದೇ ದಿನ ಬಂತು.

ಸಹಿ ಆದ ದಿನ ಹೊರದೇಶದಿಂದ ದೊಡ್ಡ ಧಣಿಯೇ ಪರದೆಯ ಮೇಲೆ ಬಂದರು. ಕಂಪೆನಿಯನ್ನು ಉಳಿಸಿದ ಆ ನಿಷ್ಠಾವಂತ ಆಟಗಾರರಿಗೆ ತಾವೇ ಒಂದು ಪ್ರಶ್ನೆ ಕೇಳಬೇಕು, ಉತ್ತರವನ್ನು ಎಲ್ಲ ದೇಶಗಳ ಕಚೇರಿಗೂ ಕಳಿಸಬೇಕು ಅಂದರು. ಈ ಸಲ ಅಕ್ಷರಕ್ಕಕ್ಷರ ಅನುವಾದ ಮಾಡಬೇಕೆಂದು ನನಗೆ ತಾಕೀತಾಗಿತ್ತು. ಪಕ್ಕದಲ್ಲೇ ಹುಬ್ಬಳ್ಳಿಯಾಕೆ ಕೂತಿದ್ದಳು. ಅವರ ಪ್ರಶ್ನೆಯನ್ನು ಕಟ್ಟೆಯ ಮೇಲೆ ಕನ್ನಡದಲ್ಲಿ ಬರೆದೆ: "ಈ ಆಟದಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಯಾವುದು?"

ಗೊಂಬೆಗಳೆಲ್ಲ ಒಂದನ್ನೊಂದು ನೋಡಿಕೊಂಡವು. ಕೊನೆಗೆ ಚಿಕ್ಕಮ್ಮನ ಗೊಂಬೆ ಎದ್ದು ನಿಂತಿತು.

"ಇದರಲ್ಲಿ ಆಟ ಬೇರೆ ಇದೆಯೇನೇ?"